ಕರೆಂಟ್ ವೈರಲ್ಲಿ ನೆಟ್ ಓಡ್ಸೋದಾ, ಗಾಳೀಲಾ?

ಓದುಗರ ಪ್ರಶ್ನೆ, ನಮ್ಮ ಉತ್ತರ

ಈ ಸಲ ದಾವಣಗೆರೆ, ಚಿತ್ರದುರ್ಗ ಕಡೆಯಿಂದ ಬಂದ ಪ್ರಶ್ನೆಗಳೆಲ್ಲ ಸುತ್ತಿ ಬಳಸಿ ಒಂದೇ ಕಡೆ ಬಂದು ನಿಲ್ತಾವೆ. ಮನೇಲಿ ನೆಟ್ ಐತೆ, ಆದ್ರೆ ಬೇಕಾದ ಜಾಗಕ್ಕೆ ಬರಲ್ಲ. ಹಂಗಾಗಿ ಬೇರೆ ಪ್ರಶ್ನೆಗಳನ್ನ ಮುಂದಿನ ಸಂಚಿಕೆಗೆ ಇಟ್ಟು ಇವನ್ನೇ ತಗೊಂಡಿದೀವಿ.

ಪ್ರಶ್ನೆ: ಸಾರ್, ನಮ್ಮದು ಕೆಳಗೆ ಮೇಲೆ ಎರಡಂತಸ್ತಿನ ಮನೆ. ಫೈಬರ್ ಡಬ್ಬಿ ಕೆಳಗೆ ಹಾಲ್‌ನಲ್ಲಿ ಟಿವಿ ಪಕ್ಕ ಐತೆ. ಮಗಳು ಮೇಲೆ ಹಿಂದಿನ ರೂಮಲ್ಲಿ ವರ್ಕ್ ಫ್ರಂ ಹೋಮ್ ಮಾಡ್ತಾಳೆ, ಮೀಟಿಂಗ್ ಮಧ್ಯೆ ಕಟ್ ಆಗಿ ಆಗಿ ಈಗ ಲ್ಯಾಪ್‌ಟಾಪ್ ಹಿಡ್ಕೊಂಡು ಮೆಟ್ಟಿಲ ಮೇಲೆ ಕೂರೋ ಹಂಗಾಗಿದೆ. ಗೋಡೆ ಒಡೆದು ವೈರ್ ಎಳ್ಸೋಕೆ ಮನೆಯವರು ಒಪ್ಪಲ್ಲ, ಪೇಂಟ್ ಮಾಡ್ಸಿ ಇನ್ನೂ ವರ್ಷ ಆಗಿಲ್ಲ. ಪವರ್‌ಲೈನ್ ಅಡಾಪ್ಟರ್ ಅಂತ ಬರುತ್ತಂತೆ, ಪ್ಲಗ್ಗಿಗೆ ಚುಚ್ಚಿದ್ರೆ ಕರೆಂಟ್ ವೈರಲ್ಲೇ ನೆಟ್ ಹೋಗುತ್ತಂತೆ. ತಗೊಳ್ಳೋದಾ ಬೇಡ್ವಾ?
(ನಿವೃತ್ತ ಮೇಷ್ಟ್ರು, ವಿದ್ಯಾನಗರ, ದಾವಣಗೆರೆ)

ಉತ್ತರ: ಮೇಷ್ಟ್ರೇ, ದುಡ್ಡು ಕೊಡೋಕೆ ಮುಂಚೆ ಒಂದ್ಸಲ ಮೀಟರ್ ಬೋರ್ಡ್ ಹತ್ರ ಹೋಗಿ ನೋಡ್ರಿ. ಎರಡಂತಸ್ತು ಅಂದ್ರೆ ಬಹಳಷ್ಟು ಕಡೆ ತ್ರೀ ಫೇಸ್ ಸಪ್ಲೈ ಇರುತ್ತೆ, ಇಲ್ಲಾಂದ್ರೆ ಕೆಳಗೊಂದು ಮೇಲೊಂದು ಮೀಟರ್ ಇರುತ್ತೆ. ಪವರ್‌ಲೈನ್ ಅಡಾಪ್ಟರ್ ಮಾಡೋ ಕೆಲಸ ಇಷ್ಟೇ: 230 ವೋಲ್ಟ್, 50 ಹರ್ಟ್ಸ್ ಕರೆಂಟ್ ಹರಿಯೋ ಅದೇ ತಂತಿ ಮೇಲೆ 2 ಮೆಗಾಹರ್ಟ್ಸ್‌ನಿಂದ ಶುರುವಾಗಿ ಹತ್ತಾರು ಮೆಗಾಹರ್ಟ್ಸ್‌ವರೆಗಿನ ಸಣ್ಣ ಸಿಗ್ನಲ್ ಸೇರಿಸಿ ಕಳಿಸುತ್ತೆ, ಆ ಕಡೆ ಇರೋ ಅಡಾಪ್ಟರ್ ಅದನ್ನ ಬೇರ್ಪಡಿಸ್ಕೊಂಡು ಲ್ಯಾನ್ ಪೋರ್ಟಿಗೆ, ಅಂದ್ರೆ ನೆಟ್ ವೈರ್ ಚುಚ್ಚೋ ತೂತಿಗೆ, ಕೊಡುತ್ತೆ. ಎರಡೂ ಅಡಾಪ್ಟರ್ ಒಂದೇ ಫೇಸಲ್ಲಿ ಇರಬೇಕು, ಅದು ಮುಖ್ಯ. ಹಾಲ್ ಒಂದು ಫೇಸಲ್ಲಿದ್ದು ಮೇಲಿನ ರೂಮ್ ಇನ್ನೊಂದರಲ್ಲಿದ್ರೆ, ಪಕ್ಕಪಕ್ಕ ಓಡೋ ತಂತಿಗಳ ನಡುವೆ ಅಷ್ಟಿಷ್ಟು ಸೋರಿಕೊಂಡು ಹೋದದ್ದೇ ಸಿಗ್ನಲ್ಲು, ಒಂದಿನ ಬರುತ್ತೆ ಒಂದಿನ ಇಲ್ಲ.

ಯಾವ ಪ್ಲಗ್ ಯಾವ ಫೇಸು ಅಂತ ಕಂಡುಹಿಡಿಯೋಕೆ ನಮ್ಮೂರಲ್ಲಿ ಒಂದು ಸುಲಭದ ದಾರಿ ಐತೆ. ಬೆಸ್ಕಾಂ ಲೈನಲ್ಲಿ ಒಂದು ಫೇಸ್ ಹೋದಾಗ ಹಾಲ್ ಫ್ಯಾನ್ ನಿಂತು ಅಡುಗೆಮನೆ ಲೈಟ್ ಉರೀತಾ ಇರುತ್ತಲ್ಲ, ಅವತ್ತು ಸಿಟ್ಟು ಮಾಡ್ಕೊಳ್ಳದೆ ಒಂದು ಮೊಬೈಲ್ ಚಾರ್ಜರ್ ಹಿಡ್ಕೊಂಡು ರೂಮ್ ರೂಮ್ ತಿರುಗಿ ಯಾವ ಪ್ಲಗ್ಗಲ್ಲಿ ಕರೆಂಟ್ ಐತೆ, ಯಾವುದರಲ್ಲಿ ಇಲ್ಲ ಅಂತ ಬರ್ಕೊಳ್ರಿ. ಟಿವಿ ಪಕ್ಕದ ಪ್ಲಗ್ಗು, ಮಗಳ ರೂಮಿನ ಪ್ಲಗ್ಗು ಎರಡೂ ಒಟ್ಟಿಗೆ ಸತ್ತಿದ್ರೆ ಒಂದೇ ಫೇಸು. ಒಂದು ಸತ್ತು ಒಂದು ಬದುಕಿದ್ರೆ ಪವರ್‌ಲೈನ್ ಮಾತು ಅಲ್ಲಿಗೇ ಬಿಡ್ರಿ. ಅಲ್ಲಿವರೆಗೆ ಕಾಯೋಕಾಗಲ್ಲ ಅಂದ್ರೆ ಎಲೆಕ್ಟ್ರಿಷಿಯನ್ ಕರೆಸಿ ಡಿಬಿ ಬಾಕ್ಸ್ (ಮನೆ ಲೈನುಗಳೆಲ್ಲ ಕವಲೊಡೆಯೋ ಪೆಟ್ಟಿಗೆ) ಬಿಚ್ಚಿ ತೋರ್ಸಿ ಅನ್ರಿ, ನೀವೇ ಕೈ ಹಾಕಬೇಡ್ರಿ.

ಎರಡನೇ ತೊಡಕು ಯುಪಿಎಸ್ಸು. ನಮ್ಮ ಮನೆಗಳಲ್ಲಿ ಫ್ಯಾನು, ಲೈಟು, ಒಂದೆರಡು 5 ಆಂಪ್ಸ್ ಪ್ಲಗ್ಗು ಯುಪಿಎಸ್ ಲೈನಲ್ಲಿ ಇರ್ತವೆ, ಉಳಿದದ್ದು ನೇರ ಕರೆಂಟಲ್ಲಿ. ಒಂದು ಅಡಾಪ್ಟರ್ ಯುಪಿಎಸ್ ಲೈನಿಗೆ, ಇನ್ನೊಂದು ನೇರ ಲೈನಿಗೆ ಬಿದ್ರೆ ಸಿಗ್ನಲ್ ಯುಪಿಎಸ್ ಒಳಗಿನ ರಿಲೇ, ಫಿಲ್ಟರ್ ಎಲ್ಲ ದಾಟಿ ಹೋಗಬೇಕು, ದಾಟಲ್ಲ. ಸರಿ, ಎರಡನ್ನೂ ನೇರ ಲೈನಿಗೇ ಹಾಕಿದ್ರಿ ಅಂತಿಟ್ಕೊಳ್ರಿ, ಕರೆಂಟ್ ಹೋದ ತಕ್ಷಣ ರೂಟರ್ ಉರೀತಾ ಇರುತ್ತೆ, ಲ್ಯಾಪ್‌ಟಾಪೂ ಬ್ಯಾಟರೀಲಿ ಓಡ್ತಿರುತ್ತೆ, ಮಧ್ಯದ ಅಡಾಪ್ಟರ್ ಮಾತ್ರ ಆಫ್. ಎರಡೂ ಯುಪಿಎಸ್ ಲೈನಲ್ಲೇ ಇದ್ರೆ? ಅದು ಸಾಮಾನ್ಯವಾಗಿ ಮನೆಗೆಲ್ಲ ಒಂದೇ ಫೇಸ್ ಆಗಿರೋದ್ರಿಂದ ನಿಜ ಹೇಳ್ಬೇಕಂದ್ರೆ ಅದೊಂದು ಕಡೆ ಪವರ್‌ಲೈನ್ ಚೆನ್ನಾಗೇ ನಡೆಯಬಹುದು. ಸೈನ್ ವೇವ್ ಅಲ್ಲದ ಹಳೇ ಯುಪಿಎಸ್ ಇದ್ರೆ ಮಾತ್ರ ಬ್ಯಾಟರೀಲಿ ಓಡೋವಾಗ ಗದ್ದಲ ಜಾಸ್ತಿ, ಸ್ಪೀಡ್ ಬೀಳುತ್ತೆ.

ಡಬ್ಬಿ ಮೇಲೆ 1200 ಎಂಬಿಪಿಎಸ್ ಅಂತ ದಪ್ಪಕ್ಷರದಲ್ಲಿ ಬರ್ದಿರ್ತಾರಲ್ಲ, ಅದು ಹೋಗೋದು ಬರೋದು ಎರಡೂ ಕೂಡ್ಸಿ, ತಂತಿ ಮೇಲಿನ ಸಿದ್ಧಾಂತದ ಲೆಕ್ಕ. ಕೈಗೆ ಸಿಗೋದು ಅದರ ಕಾಲುಭಾಗಕ್ಕಿಂತ ಕಡಿಮೆ ಇರೋದೇ ಹೆಚ್ಚು. ಇನ್ನು ಮಿಕ್ಸಿ ತಿರುಗಿದಾಗ, ಅಗ್ಗದ ಎಲ್‌ಇಡಿ ಬಲ್ಬು ಹಾಕಿದಾಗ ಏನಾಗುತ್ತೆ ಅನ್ನೋದು ಆ ತಂತಿಗೇ ಗೊತ್ತು.

ಹಂಗಾದ್ರೆ ಏನ್ ಮಾಡ್ಬೇಕು? ನಿಮ್ಮ ಮಗಳೇ ಉತ್ತರ ಹುಡುಕಿ ಕೊಟ್ಟಿದ್ದಾಳೆ: ಮೆಟ್ಟಿಲು. ಆರ್‌ಸಿಸಿ ಸೂರಿನೊಳಗೆ ಕಬ್ಬಿಣದ ಸರಳಿನ ಬಲೆ ಇರುತ್ತೆ, ವೈಫೈ ಅದನ್ನ ದಾಟೋಕೆ ಒದ್ದಾಡುತ್ತೆ, ಮೆಟ್ಟಿಲ ಹತ್ರ ಸೂರು ತೆರೆದಿರೋದ್ರಿಂದ ಅಲ್ಲಿಂದ ಮೇಲೆ ಬರುತ್ತೆ. ಮೆಟ್ಟಿಲು ಹತ್ತಿದ ಕೂಡ್ಲೇ ಮೇಲೆ ಸಿಗೋ ಗೋಡೆ ಮೇಲೆ, ಎದೆಯೆತ್ತರಕ್ಕೆ, ಒಂದು ವೈರ್‌ಲೆಸ್ ಬ್ರಿಡ್ಜ್ ಇಡ್ರಿ. ಬ್ರಿಡ್ಜ್ ಅಂದ್ರೆ ದೊಡ್ಡ ಯಂತ್ರ ಏನಲ್ಲ, ಕೆಳಗಿನ ವೈಫೈನ ಹಿಡಿದು ತನ್ನ ಲ್ಯಾನ್ ಪೋರ್ಟಲ್ಲಿ ಕೊಡೋ ಡಬ್ಬಿ, ಗಾಳೀಲಿ ಎಳೆದ ಲ್ಯಾನ್ ವೈರ್ ಅಂದ್ಕೊಳ್ರಿ. ಬ್ರಿಡ್ಜ್ ಅಥವಾ ಕ್ಲೈಂಟ್ ಮೋಡ್ ಇರೋ ಡ್ಯುಯಲ್ ಬ್ಯಾಂಡ್ ರೂಟರ್ ಯಾವುದಾದ್ರೂ ನಡೆಯುತ್ತೆ. ಅಲ್ಲಿಂದ ಮಗಳ ಟೇಬಲ್‌ವರೆಗೆ ಸ್ಕರ್ಟಿಂಗ್ ಪಕ್ಕದಲ್ಲಿ ಒಂದು ಲ್ಯಾನ್ ವೈರ್ ಓಡ್ಸಿ ಲ್ಯಾಪ್‌ಟಾಪಿಗೆ ಚುಚ್ಚಿಬಿಟ್ರೆ ಮುಗೀತು, ಪೇಂಟೂ ಹಾಳಾಗಲ್ಲ.

ಜನ ಎಡವೋದು ಎಲ್ಲಿ ಅಂದ್ರೆ ಸಿಗ್ನಲ್ ಇಲ್ಲದ ರೂಮಲ್ಲೇ ಬ್ರಿಡ್ಜ್ ತಂದಿಟ್ಟು ಬರ್ತಿಲ್ಲ ಅಂತಾರೆ, ಅಲ್ಲಿ ಬರೋ ಹಂಗಿದ್ರೆ ಬ್ರಿಡ್ಜ್ ಯಾಕೆ ಬೇಕಿತ್ತು. ಬರೋ ಜಾಗದ ಕೊನೇಲಿ ಇಡ್ಬೇಕು. ಫೋನಲ್ಲಿ ವೈಫೈ ಅನಲೈಸರ್ ಥರದ ಆ್ಯಪ್ ಹಾಕ್ಕೊಂಡು ನಿಂತು ನೋಡ್ರಿ, ಮೈನಸ್ 65 ಡಿಬಿಎಂ (ಸಿಗ್ನಲ್ ಬಲ ಅಳೆಯೋ ಲೆಕ್ಕ) ಅಥವಾ ಅದಕ್ಕಿಂತ ಒಳ್ಳೇದು, ಅಂದ್ರೆ ಮೈನಸ್ 60, ಮೈನಸ್ 55 ಕಡೆ ಇದ್ರೆ ಜಾಗ ಸರಿ. ಮೈನಸ್ 75 ತೋರಿಸಿದ್ರೆ ಒಂದೆರಡು ಹೆಜ್ಜೆ ಈ ಕಡೆ ಬನ್ನಿ. ಮಧ್ಯೆ ಕಬ್ಬಿಣದ ಬೀರು, ಫ್ರಿಜ್ಜು, ನೀರಿನ ಟ್ಯಾಂಕು ಬರಬಾರದು.

ಸೆಟ್ಟಿಂಗ್ ಬಗ್ಗೆ ಸ್ವಲ್ಪ ನಿಧಾನಕ್ಕೆ ಓದ್ಕೊಳ್ರಿ. ಕೆಳಗಿನ ರೂಟರಿನ ಐಪಿ ಅಡ್ರೆಸ್ (ನೆಟ್‌ವರ್ಕಲ್ಲಿ ಅದರ ಮನೆ ನಂಬರ್ ಇದ್ದಂಗೆ) 192.168.1.1 ಅಂತಿದ್ರೆ ಮೇಲಿನದಕ್ಕೆ 192.168.1.2 ಅಂತ ಕೊಡ್ರಿ, ಅದರಲ್ಲಿ ಡಿಎಚ್‌ಸಿಪಿ ಆಫ್ ಮಾಡ್ರಿ. ಅಡ್ರೆಸ್ ಹಂಚೋ ಕೆಲಸ ಮನೇಲಿ ಒಂದೇ ಡಬ್ಬಿ ಮಾಡ್ಬೇಕು, ಇಬ್ಬರೂ ಹಂಚೋಕೆ ನಿಂತ್ರೆ ಪ್ರಿಂಟರ್ ಒಂದಿನ ಸಿಗುತ್ತೆ ಒಂದಿನ ಸಿಗಲ್ಲ. ಕೆಳಗಿಂದ ಮೇಲಿನ ಲಿಂಕಿಗೆ 5 ಗಿಗಾಹರ್ಟ್ಸ್ ಇಡ್ರಿ, ಚಾನೆಲ್ಲು ಆಟೋ ಬೇಡ, 36ರಿಂದ 48ರೊಳಗೆ ಅಥವಾ 149ರಿಂದ 161ರೊಳಗೆ ಒಂದು ಗಟ್ಟಿ ಮಾಡ್ರಿ. ಮಧ್ಯದ ಚಾನೆಲ್‌ಗಳಲ್ಲಿ ರೇಡಾರ್ ಕಂಡ್ರೆ ರೂಟರ್ ತಾನೇ ಜಾಗ ಖಾಲಿ ಮಾಡ್ಬೇಕು ಅನ್ನೋ ನಿಯಮ ಐತೆ, ಆಗ ಮೀಟಿಂಗ್ ಮಧ್ಯೆ ಲಿಂಕ್ ಬಿದ್ದು ಏಳುತ್ತೆ.

ಲಿಂಕ್ ಗಟ್ಟಿನಾ ಅಂತ ಸ್ಪೀಡ್ ಟೆಸ್ಟಲ್ಲಿ ನೋಡ್ಬೇಡ್ರಿ, ಅದು ನಿಮ್ಮ ಪ್ಲಾನಿನ ಸ್ಪೀಡನ್ನೂ ಕಲಸಿ ತೋರ್ಸುತ್ತೆ. ಮೇಲಿನ ಲ್ಯಾಪ್‌ಟಾಪಿಂದ 192.168.1.1ಕ್ಕೆ ಪಿಂಗ್ (ಕೂಗಿದ್ರೆ ಉತ್ತರ ಎಷ್ಟೊತ್ತಿಗೆ ಬರುತ್ತೆ ಅಂತ ಅಳೆಯೋ ಕಮಾಂಡ್) ಹಾಕಿ ಹತ್ತು ನಿಮಿಷ ಬಿಡ್ರಿ, ಒಂದಂಕಿ ಮಿಲಿಸೆಕೆಂಡಲ್ಲಿ ಸಮವಾಗಿ ಬರ್ತಿದ್ರೆ ಸಾಕು, ಮಧ್ಯೆ ಮಧ್ಯೆ ಇನ್ನೂರು ಮುನ್ನೂರಕ್ಕೆ ಹಾರ್ತಿದ್ರೆ ಜಾಗ ಅಥವಾ ಚಾನೆಲ್ ಬದಲಾಯಿಸ್ರಿ.

ಇಷ್ಟೆಲ್ಲ ಹೇಳಿ ಇನ್ನೊಂದು ಮಾತು. ಹಾಲ್ ಕಿಟಕಿಯಿಂದ ಹೊರಗೆ ಹೋಗಿ, ಡಿಶ್ ವೈರ್ ಬಂದಿರೋ ತೂತಲ್ಲಿ ಮೇಲಿನ ರೂಮಿಗೆ ಬರೋ ದಾರಿ ಇದ್ರೆ ಬಿಸಿಲು ತಡೆಯೋ ಹೊರಗಿನ ಕ್ಯಾಟ್ 6 ಲ್ಯಾನ್ ವೈರ್ ಎಳೆದುಬಿಡ್ರಿ, 100 ಮೀಟರ್‌ವರೆಗೆ ತೊಂದ್ರೆ ಇಲ್ಲ, ಬ್ರಿಡ್ಜೂ ಬೇಡ ಪವರ್‌ಲೈನೂ ಬೇಡ. ಪೂರ್ತಿ ತಾಮ್ರದ್ದೇ ಕೇಳಿ ತಗೊಳ್ರಿ, ಅಲ್ಯೂಮಿನಿಯಂ ಮೇಲೆ ತಾಮ್ರ ಸವರಿದ್ದನ್ನ ಅದೇ ಹೆಸರಲ್ಲಿ ಮಾರ್ತಾರೆ.

ಪ್ರಶ್ನೆ: ಮನೇಲಿ ಒಂದು ಹಳೇ ರೂಟರ್ ಬಿದ್ದೈತೆ, ಅದನ್ನೇ ಬ್ರಿಡ್ಜ್ ಮಾಡ್ಬೋದಾ? ರಿಪೀಟರ್‌ಗೂ ಬ್ರಿಡ್ಜ್‌ಗೂ ಏನ್ ವ್ಯತ್ಯಾಸ?
(ಇಂಜಿನಿಯರಿಂಗ್ ವಿದ್ಯಾರ್ಥಿ, ನಿಟ್ಟುವಳ್ಳಿ)

ಉತ್ತರ: ಮೆನುವಿನಲ್ಲಿ ಕ್ಲೈಂಟ್, ಬ್ರಿಡ್ಜ್, ಡಬ್ಲ್ಯುಡಿಎಸ್ (ಎರಡು ವೈಫೈ ಡಬ್ಬಿಗಳನ್ನ ಗಾಳೀಲೇ ಜೋಡ್ಸೋ ವಿಧಾನ) ಇವುಗಳಲ್ಲಿ ಯಾವುದಾದ್ರೂ ಹೆಸರು ಇದ್ರೆ ಮಾಡ್ಬೋದು. ರಿಪೀಟರ್ ಹಿಡಿದದ್ದನ್ನ ಮತ್ತೆ ಗಾಳಿಗೇ ಬಿಡುತ್ತೆ, ಅದೇ ರೇಡಿಯೋ, ಅದೇ ಚಾನೆಲ್ಲಿನಲ್ಲಿ ಕೇಳೋದು ಹೇಳೋದು ಎರಡೂ ಆದ್ರೆ ಸ್ಪೀಡ್ ಅರ್ಧಕ್ಕೆ ಬರುತ್ತೆ. ಬ್ರಿಡ್ಜ್ ಹಿಡಿದು ವೈರಲ್ಲಿ ಕೊಡುತ್ತೆ, ಆ ನಷ್ಟ ಇಲ್ಲ.

ಒಂದು ಸಣ್ಣ ತೊಡಕು ಐತೆ. ಮಾಮೂಲಿ ವೈಫೈ ಕ್ಲೈಂಟ್ ಕಳಿಸೋ ಪ್ಯಾಕೆಟ್‌ನಲ್ಲಿ ಮೂರು ಮ್ಯಾಕ್ ಅಡ್ರೆಸ್ಸಿಗೆ (ಪ್ರತಿ ಮಷಿನ್ನಿನ ಗುರುತಿನ ನಂಬರ್) ಮಾತ್ರ ಜಾಗ ಇರುತ್ತೆ, ಹಂಗಾಗಿ ಬ್ರಿಡ್ಜ್ ಹಿಂದೆ ನಾಲ್ಕೈದು ಮಷಿನ್ ಕೂರಿಸಿದ್ರೂ ಮುಂದಿನ ರೂಟರಿಗೆ ಅವೆಲ್ಲ ಒಂದೇ ಅಡ್ರೆಸ್ಸಲ್ಲಿ ಕಾಣ್ತಾವೆ, ಕೆಲವು ಸಲ ಐಪಿನೇ ಸಿಗಲ್ಲ. ಡಬ್ಲ್ಯುಡಿಎಸ್‌ನಲ್ಲಿ ನಾಲ್ಕನೇ ಅಡ್ರೆಸ್ಸಿಗೂ ಜಾಗ ಇರೋದ್ರಿಂದ ಆ ರಗಳೆ ಇಲ್ಲ, ಆದ್ರೆ ಬೇರೆ ಬೇರೆ ಕಂಪನಿ ಡಬ್ಬಿಗಳು ಡಬ್ಲ್ಯುಡಿಎಸ್‌ನಲ್ಲಿ ಒಂದಕ್ಕೊಂದು ಹೊಂದಿಕೊಳ್ಳೋದು ಕಷ್ಟ. ಎರಡೂ ಒಂದೇ ಕಂಪನಿಯದಾದ್ರೆ ಒಳ್ಳೇದು. ನಿನ್ನ ಹಳೇ ಮಾಡೆಲ್ಲಿಗೆ ಓಪನ್‌ಡಬ್ಲ್ಯುಆರ್‌ಟಿ ಅನ್ನೋ ಪುಕ್ಕಟೆ ರೂಟರ್ ಸಾಫ್ಟ್‌ವೇರ್ ಸಿಗುತ್ತಾ ನೋಡಪ್ಪ, ಇಂಜಿನಿಯರಿಂಗ್ ಓದೋನಿಗೆ ರಜೆ ದಿನ ಕಳೆಯೋಕೆ ಅದಕ್ಕಿಂತ ಒಳ್ಳೇ ಕೆಲಸ ಇಲ್ಲ. 2.4 ಗಿಗಾಹರ್ಟ್ಸ್ ಒಂದೇ ಇರೋ ತೀರ ಹಳೇದಾದ್ರೆ ಮಾತ್ರ ಆಸೆ ಬಿಡು, ಒತ್ತೊತ್ತಾಗಿ ಮನೆ ಇರೋ ಏರಿಯಾದಲ್ಲಿ 1, 6, 11 ಮೂರೂ ಚಾನೆಲ್ಲು ಅಕ್ಕಪಕ್ಕದವರದ್ದೇ ತುಂಬಿರುತ್ತೆ.

ಪ್ರಶ್ನೆ: ಚನ್ನಗಿರಿ ಹತ್ರ ನಮ್ಮ ಊರು. ಮನೇಲಿ ಫೈಬರ್ ಐತಿ, ತೋಟ ಅಲ್ಲಿಂದ ಸುಮಾರು 400 ಮೀಟರ್. ತೋಟದ ಮನೆ ಹತ್ರ ಅಡಿಕೆ ಒಣಗ್ಸೋ ಕಣ, ಅಲ್ಲಿಗೆ ನಾಕು ಕ್ಯಾಮೆರಾ ಹಾಕ್ಬೇಕು. ಮೊಬೈಲ್ ಸಿಗ್ನಲ್ ಅಲ್ಲಿ ಸರಿಗಿಲ್ಲ. ತೋಟಕ್ಕೆ ಕರೆಂಟ್ ಲೈನ್ ಹೆಂಗೂ ಹೋಗೈತಲ್ಲ, ಪವರ್‌ಲೈನ್ ಹಾಕಿದ್ರೆ ಬರ್ತತೇನು?
(ಅಡಿಕೆ ಬೆಳೆಗಾರ, ಚನ್ನಗಿರಿ ತಾಲ್ಲೂಕು)

ಉತ್ತರ: ಬರಲ್ಲ ಯಜಮಾನ್ರೇ. ಮನೆ ಮೀಟರ್ ಬೇರೆ, ಪಂಪ್‌ಸೆಟ್ ಲೈನ್ ಬೇರೆ, ಎಷ್ಟೋ ಕಡೆ ಟ್ರಾನ್ಸ್‌ಫಾರ್ಮರೇ ಬೇರೆ. ಪವರ್‌ಲೈನ್ ಸಿಗ್ನಲ್ ಟ್ರಾನ್ಸ್‌ಫಾರ್ಮರ್ ದಾಟಲ್ಲ, ದಾಟಿದ್ರೂ 400 ಮೀಟರ್ ಅದಕ್ಕೆ ದೂರ ಆಯ್ತು. ನಿಮಗೆ ಬ್ರಿಡ್ಜೇ ಸರಿ, ಅದೂ ಹೊರಗಡೆ ಹಾಕೋ ಪಾಯಿಂಟ್ ಟು ಪಾಯಿಂಟ್ ಜೋಡಿ. ಟಿಪಿ-ಲಿಂಕ್‌ನ ಸಿಪಿಇ 510, ಯುಬಿಕ್ವಿಟಿಯ ನ್ಯಾನೋಸ್ಟೇಷನ್, ಮೈಕ್ರೋಟಿಕ್‌ನವು, ಈ ಜಾತಿಯವು. ಬಿಳೀ ಪ್ಲಾಸ್ಟಿಕ್ಕಿನ ಫಲಕದ ಥರ ಇರ್ತವೆ, ಒಂದು ಮನೆ ಮೇಲೆ ಒಂದು ತೋಟದಲ್ಲಿ, ಮುಖಕ್ಕೆ ಮುಖ ಮಾಡಿ ಕಟ್ಟೋದು. 400 ಮೀಟರ್ ಅವಕ್ಕೆ ಏನೂ ಅಲ್ಲ, ಕಿಲೋಮೀಟರ್‌ಗಟ್ಟಲೆ ಹೋಗೋಕಂತ ಮಾಡಿರೋವು.

ಸ್ಪೀಡಿನ ಚಿಂತೆ ಬಿಡ್ರಿ. ಒಂದು ಕ್ಯಾಮೆರಾಗೆ 4 ಎಂಬಿಪಿಎಸ್ ಅಂತ ಹಿಡಿದ್ರೂ ನಾಕಕ್ಕೆ 16, ಸಿಪಿಇ 510ರಲ್ಲಿರೋ 100ರ ಲ್ಯಾನ್ ಪೋರ್ಟೇ ಧಾರಾಳ.

ನಿಮ್ಮ ನಿಜವಾದ ತಲೆನೋವು ಅಡಿಕೆ ಮರ. ಮನೆ ಮಾಳಿಗೆ ಮೇಲೆ ನಿಂತ್ರೆ ತೋಟದ ಮನೆ ಕಣ್ಣಿಗೆ ಕಾಣ್ಬೇಕು, ಕಂಡ್ರಷ್ಟೇ ಸಾಲದು. ರೇಡಿಯೋ ಅಲೆ ಗೆರೆ ಎಳೆದಂಗೆ ಹೋಗಲ್ಲ, ಮಧ್ಯದಲ್ಲಿ ಉಬ್ಬಿಕೊಂಡು ಹೋಗುತ್ತೆ, ಅದಕ್ಕೆ ಫ್ರೆನೆಲ್ ಝೋನ್ ಅಂತಾರೆ. 400 ಮೀಟರಿಗೆ, 5.8 ಗಿಗಾಹರ್ಟ್ಸ್‌ನಲ್ಲಿ, ನಟ್ಟ ನಡುವೆ ಅದರ ಅರೆ ಅಗಲ ಎರಡೂಕಾಲು ಮೀಟರ್ ಹತ್ರ ಬರುತ್ತೆ. ಅಂದ್ರೆ ಎರಡು ಆಂಟೆನಾ ನಡುವೆ ದಾರ ಕಟ್ಟಿದ್ರೆ ಆ ದಾರಕ್ಕೂ ಮಧ್ಯದ ಮರದ ತುದಿಗೂ ಅಷ್ಟು ಅಂತರ ಇರಬೇಕು, ಕೊನೇ ಪಕ್ಷ ಅದರ ಮುಕ್ಕಾಲಿಗೆ ಹತ್ರ. ಬೇಸಿಗೇಲಿ ಹಾಕ್ಸಿ ಚೆನ್ನಾಗಿ ಬಂತು ಅಂತ ಖುಷಿಪಡೋರಿಗೆ ಜುಲೈನಲ್ಲಿ ಗೊತ್ತಾಗುತ್ತೆ, ಒದ್ದೆ ಎಲೆ 5 ಗಿಗಾಹರ್ಟ್ಸ್‌ನ ನುಂಗಿಬಿಡುತ್ತೆ. ಮರ ವರ್ಷ ವರ್ಷ ಬೆಳೆಯೋದೂ ಲೆಕ್ಕದಲ್ಲಿರಲಿ. ಹಂಗಾಗಿ ತೋಟದ ಕಡೆ ಜಿಐ ಪೈಪು ಎತ್ತರಕ್ಕೆ ನಿಲ್ಲಿಸಿ ಮೂರು ಕಡೆ ತಂತಿ ಬಿಗಿದು ಕಟ್ರಿ, ಗಾಳಿಗೆ ಅಲ್ಲಾಡಿದ್ರೆ ಲಿಂಕೂ ಅಲ್ಲಾಡುತ್ತೆ. ತೋಟದ ನಡುವೆ ದಾರಿ ಬಿಟ್ಟಿದ್ರೆ, ಕಾಲುವೆ ಮೇಲೆ ತೆರವಿದ್ರೆ ಆ ಕಡೆಯಿಂದ ಹಾಯ್ಸಿ.

ಇನ್ನು ಕರೆಂಟ್. ಪಂಪ್‌ಸೆಟ್ಟಿಗೆ ತ್ರೀ ಫೇಸ್ ಕೊಡೋದು ದಿನಕ್ಕೆ ಕೆಲವೇ ಗಂಟೆ, ಕ್ಯಾಮೆರಾ ಬೇಕಾಗೋದು ಉಳಿದ ಗಂಟೇಲಿ, ಕಳ್ಳರು ವೇಳಾಪಟ್ಟಿ ನೋಡ್ಕೊಂಡೇ ಬರ್ತಾರೆ. ಬ್ರಿಡ್ಜ್ 10 ವ್ಯಾಟ್, ಕ್ಯಾಮೆರಾ ತಲಾ 5 ವ್ಯಾಟ್ ಅಂದ್ರೆ ಒಟ್ಟು 30 ವ್ಯಾಟ್, ದಿನಕ್ಕೆ 720 ವ್ಯಾಟ್ ಅವರ್. 12 ವೋಲ್ಟಿನ 150 ಎಎಚ್ ಟ್ಯೂಬುಲರ್ ಬ್ಯಾಟರಿ, ಮನೇಲಿ ಯುಪಿಎಸ್ಸಿಗೆ ಇಡ್ತೀರಲ್ಲ ಅದೇ, 1800 ವ್ಯಾಟ್ ಅವರ್ ಹಿಡಿಯುತ್ತೆ, ಅರ್ಧದಷ್ಟೇ ಬಳಸಿದ್ರೂ ಒಂದು ದಿನ ದಾಟುತ್ತೆ. ಅದಕ್ಕೆ 200 ವ್ಯಾಟ್ ಸೋಲಾರ್ ಪ್ಯಾನೆಲ್ ಬೇಸಿಗೇಲಿ ಸಾಕು, ಮಳೆಗಾಲದ ಮೋಡ ನೋಡ್ಕೊಂಡು 300 ಹಾಕೋದು ಜಾಣತನ. ಬ್ರಿಡ್ಜಿಗೆ ಕರೆಂಟು ಅದರ ಲ್ಯಾನ್ ವೈರಲ್ಲೇ ಹೋಗುತ್ತೆ, ಬಹಳಷ್ಟಕ್ಕೆ 24 ವೋಲ್ಟ್ ಪ್ಯಾಸಿವ್ ಪಿಒಇ (ಲ್ಯಾನ್ ವೈರಲ್ಲೇ ಕರೆಂಟ್ ಕೊಡೋ ವಿಧಾನ), ಆ ಕರೆಂಟ್ ಕೊಡೋ ಡಬ್ಬಿ ಬ್ರಿಡ್ಜ್ ಜೊತೇಲೇ ಬರುತ್ತೆ. ಅದನ್ನ ಕ್ಯಾಮೆರಾದ 48 ವೋಲ್ಟ್ ಪಿಒಇ ಜೊತೆ ಅದಲು ಬದಲು ಮಾಡಿಬಿಟ್ಟೀರಿ ಮತ್ತೆ, ಸುಟ್ಟು ಹೋಗುತ್ತೆ.

ಸಿಡಿಲಿನ ಬಗ್ಗೆ ಹೇಳಲೇಬೇಕು. ಏಪ್ರಿಲ್ ಮೇ ತಿಂಗಳಲ್ಲಿ ಮಧ್ಯಾಹ್ನದ ಮೇಲೆ ಗುಡುಗು ಮಳೆ ಬರೋ ಸೀಮೆ ನಮ್ಮದು. ಪೈಪಿಗೆ ಸರಿಯಾದ ಅರ್ಥಿಂಗ್ ಕೊಡ್ಸಿ, ಲ್ಯಾನ್ ವೈರಿಗೆ ಸರ್ಜ್ ಪ್ರೊಟೆಕ್ಟರ್ ಹಾಕ್ಸಿ. ನೇರ ಬಿದ್ರೆ ಯಾವುದೂ ಉಳಿಯಲ್ಲ, ಹತ್ರ ಬಿದ್ದಾಗ ಇದು ಉಳಿಸುತ್ತೆ. ಬ್ರಿಡ್ಜಿನ ಒಂದು ಒಳ್ಳೇ ಗುಣ ಇಲ್ಲೇ ಇರೋದು, ತೋಟದಿಂದ ಮನೇವರೆಗೆ ತಾಮ್ರ ಇಲ್ಲ, ಅಲ್ಲಿ ಹೊಡೆದದ್ದು ವೈರ್ ಹಿಡ್ಕೊಂಡು ನಿಮ್ಮ ಹಾಲ್‌ಗೆ ಬರಲ್ಲ.

ಪ್ರಶ್ನೆ: ಚಿತ್ರದುರ್ಗದಲ್ಲಿ ನಮ್ಮ ಹಿರಿಯರ ಮನೆ, ಕಲ್ಲಿನ ಗೋಡೆ, ಎರಡಡಿ ದಪ್ಪ ಐತೆ. ಮುಂದಿನ ರೂಮಿನ ವೈಫೈ ನಡುಮನೆಗೇ ಬರಲ್ಲ. ಬ್ರಿಡ್ಜ್ ಹಾಕಿದ್ರೆ ಬರುತ್ತಾ?
(ಗೃಹಿಣಿ, ಚಿತ್ರದುರ್ಗ)

ಉತ್ತರ: ಅಮ್ಮಾ, ಇಲ್ಲಿ ನಾನು ಮಾತು ಬದಲಾಯಿಸ್ತೀನಿ, ನಿಮಗೆ ಪವರ್‌ಲೈನೇ ಮೊದಲು ನೋಡಿ ಅಂತೀನಿ. ಎರಡಡಿ ಕಲ್ಲು 5 ಗಿಗಾಹರ್ಟ್ಸಿಗೆ ಪೂರ್ತಿ ಅಡ್ಡ, 2.4 ಕೂಡ ಅಷ್ಟಕ್ಕಷ್ಟೇ. ಆದ್ರೆ ಹಳೇ ಮನೆ ಅಂದ್ರೆ ಒಂದೇ ಮೀಟರು, ಸಿಂಗಲ್ ಫೇಸು, ಮನೇ ತುಂಬ ಒಂದೇ ಲೈನು ಇರೋ ಸಾಧ್ಯತೆ ಜಾಸ್ತಿ, ಪವರ್‌ಲೈನಿಗೆ ಬೇಕಾದ್ದು ಅದೇ. ಹೋಂಪ್ಲಗ್ ಎವಿ2 ಅನ್ನೋ ಬಗೆಯ ಅಡಾಪ್ಟರ್‌ಗಳಲ್ಲಿ ಕೆಲವು ಪೂರ್ತಿ ಸ್ಪೀಡಿಗೆ ಅರ್ಥ್ ತಂತೀನೂ ಬಳಸ್ಕೊಳ್ತವೆ, ಮರದ ಪಟ್ಟಿ ಮೇಲೆ ಎಳೆದ ಹಳೇ ವೈರಿಂಗಲ್ಲಿ ಅರ್ಥ್ ಇರಲ್ಲ, ಇಲ್ಲದಿದ್ರೂ ಎರಡು ತಂತೀಲೇ ನಡೀತವೆ, ಸ್ಪೀಡ್ ಕಮ್ಮಿ ಅಷ್ಟೆ.

ವಾಪಸ್ ತಗೊಳ್ಳೋ ಅಂಗಡೀಲೇ ತಗೊಳ್ಳಿ. ಅಡಾಪ್ಟರನ್ನ ನೇರ ಗೋಡೆ ಪ್ಲಗ್ಗಿಗೇ ಹಾಕ್ಬೇಕು, ಸ್ಪೈಕ್ ಗಾರ್ಡ್ ಇರೋ ಎಕ್ಸ್‌ಟೆನ್ಷನ್ ಬೋರ್ಡಿಗೆ ಹಾಕಿದ್ರೆ ಅದು ಈ ಸಿಗ್ನಲ್ಲನ್ನೇ ಕೊಳೆ ಅಂತ ತಿಳ್ಕೊಂಡು ಸೋಸಿಬಿಡುತ್ತೆ. ಎರಡು ದಿನ ಬಳಸಿ ನೋಡಿ, ಮಿಕ್ಸಿ ಹಾಕಿ ನೋಡಿ, ಸಂಜೆ ಎಲ್ಲ ಲೈಟ್ ಹಾಕಿ ನೋಡಿ. ಸ್ಪೀಡ್ ಬಿದ್ರೆ ಒಂದೊಂದೇ ಪ್ಲಗ್ ಕಿತ್ತು ನೋಡ್ತಾ ಹೋಗಿ, ಎಷ್ಟೋ ಸಲ ಒಂದು ಅಗ್ಗದ ಚಾರ್ಜರ್ರೇ ಎಲ್ಲಾ ರಗಳೆಗೂ ಕಾರಣ. ಜೋಡಿಸಿದ ಮೇಲೆ ಎರಡೂ ಅಡಾಪ್ಟರಿನ ಪೇರ್ ಬಟನ್ ಒತ್ತಿ ಹೊಸ ಕೀ (ಎರಡಕ್ಕೆ ಮಾತ್ರ ಗೊತ್ತಿರೋ ಗುಟ್ಟಿನ ಪಾಸ್‌ವರ್ಡ್) ಹಾಕ್ಕೊಳ್ಳೋದು ಮರೀಬೇಡಿ, ಕರೆಂಟ್ ವೈರು ನಿಮ್ಮ ಗೋಡೆಗೇ ನಿಲ್ಲಲ್ಲ, ಪಕ್ಕದ ಮನೇಲೂ ಇದೇ ಥರದ್ದಿದ್ರೆ ಸಿಗ್ನಲ್ ಅಲ್ಲೀವರೆಗೆ ಹೋಗ್ಬೋದು.

ಸರಿಹೋಗ್ಲಿಲ್ಲ ಅಂದ್ರೆ ಬ್ರಿಡ್ಜನ್ನ ಕಿಟಕಿಯಿಂದ ಕಿಟಕಿಗೆ, ಇಲ್ಲಾ ಜಗಲಿ ಕಡೆಯಿಂದ ಹಿತ್ತಲಿಗೆ ಹೊರಗಿಂದ ಸುತ್ತಿಸಿ ತರಬಹುದು. ಗೋಡೆ ತೂರಿಸೋ ಪ್ರಯತ್ನ ಮಾತ್ರ ಬೇಡ.

ಪ್ರಶ್ನೆ: ಮಾಳಿಗೆ ಮೇಲೆ ಇಂಥ ಆಂಟೆನಾ ಹಾಕೋಕೆ ಲೈಸೆನ್ಸ್ ಬೇಕಾ? ಪಕ್ಕದ ಮನೆಯವರು ಕಂಪ್ಲೇಂಟ್ ಕೊಡ್ತೀನಿ ಅಂತಾರೆ.
(ಅಂಗಡಿ ಮಾಲೀಕರು, ಮಂಡಿಪೇಟೆ, ದಾವಣಗೆರೆ)

ಉತ್ತರ: ಬೇಡ. 2.4 ಗಿಗಾಹರ್ಟ್ಸ್ ಮೊದಲಿಂದಲೇ ಬಿಡುಗಡೆಯಾಗಿತ್ತು, 5 ಗಿಗಾಹರ್ಟ್ಸ್‌ನ ವೈಫೈ ಪಟ್ಟಿಗಳನ್ನ ಕೇಂದ್ರ ಸರ್ಕಾರ 2018ರಲ್ಲಿ ಹೊರಗಡೆ ಬಳಕೆಗೂ ಲೈಸೆನ್ಸ್ ಇಲ್ಲದಂಗೆ ಬಿಟ್ಟುಕೊಟ್ಟಿದೆ. ಪವರಿಗೆ ಮಿತಿ ಐತೆ, ಅದಕ್ಕೆ ಸೆಟ್ಟಿಂಗಲ್ಲಿ ದೇಶ ಇಂಡಿಯಾ ಅಂತಲೇ ಇಡ್ರಿ, ಜಾಸ್ತಿ ಹೋಗುತ್ತೆ ಅಂತ ಬೇರೆ ದೇಶ ಹಾಕ್ಬೇಡ್ರಿ. ನಿಮ್ಮ ಇಂಟರ್ನೆಟ್ಟನ್ನ ದುಡ್ಡಿಗೆ ಪಕ್ಕದವರಿಗೆ ಹಂಚೋದು ಬೇರೆ ವಿಷಯ, ಅದಕ್ಕೆ ನಿಯಮಗಳೇ ಬೇರೆ. ಪಕ್ಕದವರಿಗೆ ರೇಡಿಯೇಷನ್ ಭಯ ಇದ್ರೆ ಅವರ ಕೈಯಲ್ಲಿರೋ ಮೊಬೈಲೂ ಇದೇ ಥರದ ರೇಡಿಯೋನೇ, ಮೈಗೆ ಇದಕ್ಕಿಂತ ಹತ್ರ ಇರುತ್ತೆ ಅಂತ ಹೇಳ್ನೋಡ್ರಿ. ಆಂಟೆನಾ ಕಂಬ ಅವರ ಕಾಂಪೌಂಡ್ ಮೇಲೆ ವಾಲಿದ್ರೆ ಮಾತ್ರ ಕಂಪ್ಲೇಂಟ್ ನ್ಯಾಯವಾದದ್ದೇ, ಮೊದಲು ಅದನ್ನ ನೆಟ್ಟಗೆ ಮಾಡ್ಸಿ.